ಕರುಳಿನ ರಕ್ತನಾಳ ಮತ್ತು ಸೊಸೆಯ ಅಡುಗೆ

"ಬಾಯಾರ, ಈ ಮಷೀನ್‌ನ್ಯಾಗ ವಿಷ ಕಾಣ್ತೈತೇನ್ರಿ?"

ಹೊಟ್ಟೆಯ ಮೇಲೆ ಜೆಲ್ ಹಚ್ಚುತ್ತಿದ್ದ ನನ್ನ ಕೈ ಅಲ್ಲಿಗೇ ನಿಂತಿತು. ಮಂಚದ ಮೇಲಿದ್ದವರು ಅರವತ್ತರ ಆಸುಪಾಸಿನ ಗಂಡಸು. ಈ ಪ್ರಶ್ನೆ ಕೇಳಲಿಕ್ಕೆಂದೇ ಅವರು ಸೊಸೆ ಕೋಣೆಯಿಂದ ಹೊರಗೆ ಹೋಗುವವರೆಗೂ ಕಾದಿದ್ದರು. ಬಾಗಿಲು ಮುಚ್ಚಿದೆಯೇ ಎಂದು ಕತ್ತು ಎತ್ತಿ ನೋಡಿ, ದನಿ ಇಳಿಸಿ ಕೇಳಿದ್ದರು.

ಅದು ೨೦೦೯ರ ಬೇಸಿಗೆ. ನಾನಾಗ ದಕ್ಷಿಣ ಗೋವಾದ ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದೆ. ಸ್ಕ್ಯಾನ್ ಮಾಡುವುದು, ಚಿತ್ರ ನೋಡಿ ವರದಿ ಬರೆಯುವುದು ನನ್ನ ಕೆಲಸ. ಧಾರವಾಡದ ಕಡೆಯವಳಾದ್ದರಿಂದ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ರೋಗಿಗಳನ್ನು ನೇರವಾಗಿ ನನ್ನ ಕೋಣೆಗೇ ಕಳಿಸುತ್ತಿದ್ದರು. ಮುರ್ಮುಗಾಂವ್ ಬಂದರಿನಲ್ಲಿ, ಕೊರ್ಲಿಮ್ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಡೆಯ ಜನಕ್ಕೆ ಗೋವಾದಲ್ಲಿ ಬರವಿರಲಿಲ್ಲ. ಇವರೂ ವಿಜಯಪುರ ಜಿಲ್ಲೆಯಿಂದ ಚಿಕ್ಕವರಿದ್ದಾಗಲೇ ಬಂದು, ಬಂದರಿನಲ್ಲಿ ಅದಿರು ಹೇರುವ ಕೆಲಸ ಮಾಡಿ ದಣಿದವರು. ಈಗ ಮನೆಯಲ್ಲಿರುತ್ತಿದ್ದರು. ಹೆಂಡತಿ ತೀರಿಹೋಗಿದ್ದರು. ಮಗ ಅದೇ ಬಂದರಿನಲ್ಲಿ ಅದಿರಿನ ಟ್ರಕ್ ಓಡಿಸುತ್ತಿದ್ದ. ಮಗನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ವಿಷ ಅಂದ್ರ ಏನ್ರಿ ಕಾಕಾ?" ಎಂದೆ.

"ಆಕಿ ಬಂದಾಗಿಂದ ಉಂಡದ್ದು ಒಗ್ಗವಲ್ದು. ಉಂಡು ಕೈ ತೊಳಕೊಂಡು ಕುಂತ್ನೆಂದ್ರ ಹೊಕ್ಕಳ ಸುತ್ತ ಹಿಂಡಾಕ ಹತ್ತೈತಿ, ಎರಡು ತಾಸಿಗೆ ತಾನ ನಿಲ್ತೈತಿ. ಉಣಲಿಲ್ಲಂದ್ರ ಏನೂ ಇಲ್ಲ, ಆರಾಮ. ನೀವ ಹೇಳ್ರಿ, ಬ್ಯಾನಿ ಹೊಟ್ಟ್ಯಾಗ ಇದ್ರ ಉಪವಾಸ ಇದ್ದಾಗೂ ಬರಬೇಕಲ್ರಿ?"

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ನಾನು ಸ್ಕ್ಯಾನ್ ಯಂತ್ರದ ಪ್ರೋಬ್ ಅನ್ನು ಹೊಟ್ಟೆಯ ಮೇಲಿಟ್ಟು ಪರದೆ ನೋಡತೊಡಗಿದೆ. ಪಕ್ಕೆಲುಬು ಒಂದೊಂದೂ ಎಣಿಸುವಂತಿತ್ತು. ಬೀಡಿ ಸೇದಿ ಸೇದಿ ಬೆರಳ ಸಂದಿ ಹಳದಿಯಾಗಿತ್ತು. ಪೈಜಾಮದ ಲಾಡಿ ಬಿಗಿದು ಕಟ್ಟಿದರೂ ಸೊಂಟದಲ್ಲಿ ಬಟ್ಟೆ ಮುದುಡಿ ನಿಂತಿತ್ತು. ಸರ್ಜನ್ ಬರೆದು ಕಳಿಸಿದ್ದು ಒಂದೇ ಸಾಲು: ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್‌ಗೆ ಮುಂಚೆ ಮತ್ತೊಮ್ಮೆ ನೋಡಿ. ಕಲ್ಲು ಇತ್ತು. ಸಣ್ಣ ಸಣ್ಣವು, ಪಿತ್ತಕೋಶದ ತಳದಲ್ಲಿ ತಣ್ಣಗೆ ಕೂತಿದ್ದವು. ಗೋಡೆಗೆ ಊತವಿಲ್ಲ, ಪ್ರೋಬ್ ಒತ್ತಿದರೆ ನೋವಿಲ್ಲ. ಇಷ್ಟು ಸಾಧು ಕಲ್ಲುಗಳು ಒಬ್ಬ ಮನುಷ್ಯನನ್ನು ಹೀಗೆ ಒಣಗಿಸಿಬಿಟ್ಟವೆಂದರೆ ನನಗೆ ನಂಬಿಕೆ ಬರಲಿಲ್ಲ.

ಹೊರಗೆ ಸೊಸೆ ಬೆಂಚಿನ ಮೇಲೆ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತರ ಹುಡುಗಿ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಎದ್ದು ನಿಂತಳು. ಯಾವ ಊರೆಂದು ಕೇಳಿದೆ. ನವಲಗುಂದದ ಹತ್ತಿರ ಎಂದಳು. ನನ್ನ ತಾಯಿಯ ತವರೂ ಆ ಕಡೆಯೇ ಎಂದು ಹೇಳಿ ಎರಡು ಮಾತು ಹೆಚ್ಚಿಗೆ ಆಡಿದೆ. ಬಾಗಿಲ ಸಂದಿಯಿಂದ ಮಾವ ಅದನ್ನು ನೋಡುತ್ತಿದ್ದರೆಂದು ಗೊತ್ತಾದದ್ದು ಆಮೇಲೆ.

"ಅಕ್ಕಾರ, ಆಪರೇಷನ್ ಮಾಡಿದ್ರ ಉಳೀತಾರೇನ್ರಿ ಅವರು?" ಎಂದು ಕೇಳಿದಳು.

ಆಕೆಯ ಮುಖದಲ್ಲಿ ಅಳುವಿರಲಿಲ್ಲ, ಗಾಬರಿಯಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಬಂದಿದೆಯೇ ಎಂದು ವಿಚಾರಿಸುವ ದನಿ. ಮಾವನ ಮಾತು ಆಗಲೇ ನನ್ನ ತಲೆಯೊಳಗೆ ಹೊಕ್ಕಿತ್ತು. ಉಳಿಯುತ್ತಾರೆಯೇ ಎಂದು ಯಾಕೆ ಕೇಳಿದಳು? ಗುಣವಾಗುತ್ತಾರೆಯೇ ಎಂದಲ್ಲವೇ ಕೇಳಬೇಕಾದದ್ದು?

ಮಧ್ಯಾಹ್ನ ಚಹಾ ಕುಡಿಯಲು ಕ್ಯಾಂಟೀನಿಗೆ ಹೋದಾಗ ಇನ್ನೊಂದು ಕಂಡೆ. ಕ್ಯಾಂಟೀನಿನ ಹಿಂದೆ ಕಸದ ಡ್ರಮ್ಮಿನ ಪಕ್ಕ ಆ ಹುಡುಗಿ ನಿಂತಿದ್ದಳು. ಅತ್ತಿತ್ತ ನೋಡಿ ಡಬ್ಬಿ ಬಿಚ್ಚಿ, ಅನ್ನ, ಪಲ್ಯ, ರೊಟ್ಟಿ ಎಲ್ಲವನ್ನೂ ಡ್ರಮ್ಮಿಗೆ ಸುರಿದಳು. ನಲ್ಲಿಯಲ್ಲಿ ಡಬ್ಬಿಯನ್ನು ತಿಕ್ಕಿ ತಿಕ್ಕಿ ತೊಳೆದಳು. ನನ್ನ ಚಹಾ ಆರಿತು.

ವಿಷದಿಂದಲೂ ಹೊಟ್ಟೆನೋವು ಬರುತ್ತದೆ, ಜನ ಸೊರಗುತ್ತಾರೆ. ಆದರೆ ವಿಷ ಊಟದ ಗಂಟೆ ನೋಡಿ ಬಂದು, ಎರಡು ತಾಸು ಇದ್ದು, ಹೇಳಿದಂತೆ ಹೊರಟುಹೋಗುವುದಿಲ್ಲ. ಹಾಗೆ ಬಂದು ಹೋಗುವ ಒಂದು ರೋಗವಿದೆ. ಕರುಳಿಗೆ ರಕ್ತ ಒಯ್ಯುವ ನಾಳದ ಬಾಯಿ ಕಿರಿದಾದಾಗ ಬರುವಂಥದ್ದು. ಸುಮ್ಮನಿದ್ದಾಗ ಕರುಳಿಗೆ ಬರುವಷ್ಟು ರಕ್ತವೇ ಸಾಕು. ಊಟ ಬಿದ್ದೊಡನೆ ಹೆಚ್ಚು ಬೇಕು, ಬರುವುದಿಲ್ಲ, ಕರುಳು ಕೂಗಿಕೊಳ್ಳುತ್ತದೆ. ರೋಗಿ ಊಟಕ್ಕೇ ಹೆದರತೊಡಗುತ್ತಾನೆ, ಸೊರಗುತ್ತಾನೆ. ಪುಸ್ತಕದಲ್ಲಿ ಓದಿದ್ದೆ. ತರಬೇತಿಯಲ್ಲಿ ಬೇರೆಯವರು ಪತ್ತೆ ಮಾಡಿದ್ದನ್ನು ನೋಡಿದ್ದೆ. ನಾನಾಗಿ ಹಿಡಿದದ್ದು ಒಂದೂ ಇರಲಿಲ್ಲ.

ಬೇರೆಲ್ಲೋ ಮಾಡಿಸಿದ್ದ ಸಿ.ಟಿ. ಸ್ಕ್ಯಾನಿನ ಫಿಲ್ಮುಗಳು ಅವರ ಪ್ಲಾಸ್ಟಿಕ್ ಚೀಲದಲ್ಲಿದ್ದವು. ನಾಳಗಳನ್ನು ಬೆಳ್ಳಗೆ ತೋರಿಸುವ ಕಾಂಟ್ರಾಸ್ಟ್ ಔಷಧವನ್ನು ರಕ್ತಕ್ಕೆ ಕೊಡದೆ ತೆಗೆದದ್ದು. 'ಕಲ್ಲು ಬಿಟ್ಟರೆ ಎಲ್ಲ ಸರಿ' ಎಂದು ವರದಿ. ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದೆ. ಮಹಾಪಧಮನಿಯ ಮುಂಭಾಗದಲ್ಲಿ, ಕರುಳಿನ ನಾಳ ಕವಲೊಡೆಯುವ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಸುಣ್ಣದ ಅಂಶ ಗಟ್ಟಿಯಾದದ್ದು. ಈ ವಯಸ್ಸಿನ ಬೀಡಿ ಸೇದುವವರಲ್ಲಿ ಅಂಥ ಚುಕ್ಕೆ ಎಲ್ಲೆಂದರಲ್ಲಿ ಕಾಣುತ್ತದೆ. ಅದೊಂದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಆ ಚುಕ್ಕೆ ನಿಲ್ಲಬಾರದ ಕಡೆ ನಿಂತಿತ್ತು.

ಮಾರನೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಹೇಳಿ ಡಾಪ್ಲರ್ ಮಾಡಿದೆ. ನಾಳದೊಳಗೆ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಧ್ವನಿಯಲೆಯಿಂದ ಅಳೆಯುವ ಪರೀಕ್ಷೆ ಅದು. ನೀರಿನ ಪೈಪಿನ ಬಾಯಿ ಒತ್ತಿ ಹಿಡಿದರೆ ನೀರು ಚಿಮ್ಮುವ ಹಾಗೆ, ನಾಳ ಕಿರಿದಾದಲ್ಲಿ ರಕ್ತ ಹುಚ್ಚು ವೇಗದಲ್ಲಿ ನುಗ್ಗುತ್ತದೆ. ಹೊಟ್ಟೆಯ ತುಂಬ ಗ್ಯಾಸ್ ಇತ್ತು. ಒತ್ತಿದೆ, ಪಕ್ಕಕ್ಕೆ ಹೊರಳಿಸಿದೆ, ಉಸಿರು ಬಿಡಿಸಿದೆ. ಕೊನೆಗೊಮ್ಮೆ ಗ್ಯಾಸಿನ ನಡುವೆ ಕಿಂಡಿ ತೆರೆದಂತಾಗಿ ನಾಳದ ಬುಡ ಕಂಡಿತು, ಬಣ್ಣಗಳು ಚೂರುಚೂರಾಗಿ ಮಿಂಚಿದವು, ಸ್ಪೀಕರಿನಿಂದ ಸೀಟಿಯಂಥ ಸದ್ದು ಬಂತು. ವೇಗ ತುಂಬ ಜಾಸ್ತಿ. ಅಷ್ಟರಲ್ಲಿ ಕಿಂಡಿ ಮುಚ್ಚಿತು.

ನನಗೆ ಸಂತೋಷವಾಗಲಿಲ್ಲ. ಡಾಪ್ಲರ್ ಸುಳ್ಳು ಹೇಳಬಲ್ಲದು. ಪ್ರೋಬಿನ ಕೋನ ಸ್ವಲ್ಪ ತಪ್ಪಿದರೂ ಸರಿಯಿರುವ ನಾಳದಲ್ಲೂ ವೇಗ ಹೆಚ್ಚಾಗಿ ತೋರಿಸುತ್ತದೆ. ನಾನು ಕಾಣಬೇಕೆಂದುಕೊಂಡದ್ದೇ ಕಂಡಿರಬಹುದು. ಊಟ ಮಾಡಿಸಿ ಮತ್ತೆ ನೋಡೋಣ, ನೋವೂ ಕಣ್ಣೆದುರಿಗೇ ಬರಲಿ ಎಂದುಕೊಂಡೆ.

ಸೊಸೆ ಡಬ್ಬಿ ಮುಂದೆ ಮಾಡಿದಳು. ಮಾವ ಮುಖ ತಿರುಗಿಸಿದರು. ಆಯಾಳನ್ನು ಕಳಿಸಿ ಕ್ಯಾಂಟೀನಿನಿಂದ ಇಡ್ಲಿ ತರಿಸಿದೆ. ಅವರು ತಟ್ಟೆಯನ್ನು ನೋಡಿದರು, ಆಯಾಳನ್ನು ನೋಡಿದರು, ಬಾಗಿಲಾಚೆ ನಿಂತಿದ್ದ ಸೊಸೆಯನ್ನು ನೋಡಿದರು.

"ಮೊದಲ ನೀವು ತಿನ್ರಿ."

ನಾನು ಅದೇ ತಟ್ಟೆಯಿಂದ ಒಂದು ಇಡ್ಲಿ ತೆಗೆದುಕೊಂಡು, ಅದೇ ಚಟ್ನಿಯಲ್ಲಿ ಅದ್ದಿ ಪೂರ್ತಿ ತಿಂದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ಉಳಿದದ್ದನ್ನು ತಿಂದರು. ಎಷ್ಟು ಹಸಿದಿದ್ದರೆಂದರೆ ಬೆರಳಿಗಂಟಿದ ಚಟ್ನಿಯನ್ನೂ ಬಿಡಲಿಲ್ಲ.

ಇನ್ನೊಬ್ಬ ರೋಗಿಯ ಸ್ಕ್ಯಾನ್ ಮುಗಿಸಿ ಬರುವಷ್ಟರಲ್ಲಿ ಅವರು ಮಂಚದ ಮೇಲೆ ಮೊಣಕಾಲನ್ನು ಎದೆಗೊತ್ತಿಕೊಂಡು ಮುದುಡಿದ್ದರು. ಹಣೆಯಲ್ಲಿ ಬೆವರು. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ರಕ್ತ ಸಾಲದ ಕರುಳಿನ ನೋವು ಇರುವುದೇ ಹಾಗೆ, ಅಷ್ಟು ನರಳುವವರ ಹೊಟ್ಟೆ ಅಷ್ಟು ಮೆತ್ತಗಿರುವುದು ನನ್ನ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು. ಪ್ರೋಬ್ ಇಡಲು ಹೋದರೆ ಕೈ ತಳ್ಳಿದರು.

"ನೋಡಿದ್ರ್ಯಾ? ಇಲ್ಲೀನೂ ಹಾಕಿಸ್ಯಾಳ."

"ಅದ ತಾಟಿನ್ಯಾಗ ನಾನೂ ತಿಂದೇನಲ್ರಿ ಕಾಕಾ? ನನಗ್ಯಾಕ ಏನೂ ಆಗಿಲ್ಲ?"

ನೋವಿನ ನಡುವೆಯೂ ಅವರು ಕಣ್ಣು ಕಿರಿದು ಮಾಡಿ ನನ್ನನ್ನು ಅಳೆದರು. "ನಿಮಗ ಹತ್ತಂಗಿಲ್ಲ ಅದು. ನನ್ನ ಹೆಸರ್ಲೆ ಮಾಟಾ ಮಾಡ್ಸ್ಯಾರ." ಉಸಿರು ಎಳೆದುಕೊಂಡು ಮುಂದುವರಿಸಿದರು. "ನೀವು, ಆಕಿ ಇಬ್ರೂ ಒಂದ ಕಡೇದವ್ರು. ನಿನ್ನೆ ಏನ್ ಮಾತಾಡಿದ್ರಿ ಹೊರಗ ನಿಂತು? ನಂಗ ಗೊತ್ತಿಲ್ಲನ್ರಿ?"

ಹೊರಗೆ ಆ ಹುಡುಗಿಗೆ ಎಲ್ಲವೂ ಕೇಳಿಸಿತ್ತು. ಡಬ್ಬಿಯ ಮುಚ್ಚಳವನ್ನು ಮತ್ತೆ ಮತ್ತೆ ಒತ್ತಿ ಮುಚ್ಚುತ್ತಿದ್ದಳು. ನಾನು ಹತ್ತಿರ ಹೋಗಿ, ಸ್ವಲ್ಪ ಒರಟಾಗಿಯೇ ಕೇಳಿದೆ.

"ನಿನ್ನೆ ಊಟಾ ಎಲ್ಲಾ ಯಾಕ ಚೆಲ್ಲಿದಿ?"

ಆಕೆ ತಲೆ ಎತ್ತಿದಳು. "ಮನಿಗೆ ಹಂಗ ಒಯ್ದ್ರ ಇವರು ಕೇಳ್ತಾರ್ರೀ, ಅಪ್ಪ ಯಾಕ ಉಂಡಿಲ್ಲ ಅಂತ. ಮಾವಾರು ಹೇಳ್ತಾರ, ಮತ್ತ ಜಗಳಾಕ್ಕೈತಿ. ಡಬ್ಬಿ ಖಾಲಿ ಇತ್ತಂದ್ರ ಅವತ್ತಿನ ದಿನ ಸುಮ್ನ ಹೋಕ್ಕೈತ್ರಿ." ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. "ಆಪರೇಷನ್ ಆದಮ್ಯಾಲೂ ಬ್ಯಾನಿ ನಿಲ್ಲಲಿಲ್ಲಂದ್ರ ನನ್ನ ತವರಮನಿಗೆ ಬಿಟ್ಟು ಬರ್ತೀನಂದಾರ್ರಿ ಇವರು. ಅದಕ್ಕ ನಿನ್ನೆ ಉಳೀತಾರೇನಂತ ಕೇಳಿದ್ನ್ರಿ."

ಸುಳ್ಳು ಹೇಳುವವರೂ ಹೀಗೆಯೇ ಹೇಳಬಹುದು. ಆದರೂ ನಾನು ಆಕೆಯ ಎದುರು ಹೆಚ್ಚು ಹೊತ್ತು ನಿಲ್ಲಲಾರದೆ ಸರ್ಜನ್ನರ ಕೋಣೆಗೆ ಹೋದೆ.

ಸರ್ಜನ್ ಗೋವಾದವರು. ಒಳ್ಳೆಯ ಕೈಗುಣ ಉಳ್ಳವರೆಂದು ಹೆಸರು, ಜೊತೆಗೆ ಕೋಪಿಷ್ಠರೆಂದೂ. ನನ್ನ ಮಾತನ್ನು ಕೇಳಿಸಿಕೊಂಡು ನಕ್ಕರು. ಪಿತ್ತಕೋಶದ ನೋವೂ ಊಟವಾದ ಮೇಲೆಯೇ ಬರುತ್ತದೆ ಎಂದರು. ಕಲ್ಲು ಕಣ್ಣೆದುರಿಗೆ ಇರುವಾಗ ಕಾಣದ ರೋಗವನ್ನು ಯಾಕೆ ಹುಡುಕಿಕೊಂಡು ಹೋಗುತ್ತೀರಿ ಎಂದರು. ಔಷಧ ಕೊಟ್ಟು ರಕ್ತನಾಳಗಳ ಸಿ.ಟಿ. ಮಾಡಬೇಕು ಎಂದೆ. ಅವರು ರಕ್ತದ ವರದಿ ನನ್ನ ಮುಂದೆ ತಳ್ಳಿದರು. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮಿತಿಗಿಂತ ಮೇಲಿತ್ತು. ಕಾಂಟ್ರಾಸ್ಟ್ ಔಷಧ ಮೂತ್ರಪಿಂಡಗಳ ಮೂಲಕವೇ ಹೊರಹೋಗಬೇಕು. ಅವು ಮೊದಲೇ ಸೊರಗಿದ್ದರೆ ಆ ಔಷಧವೇ ಅವನ್ನು ಕೆಡಿಸಬಹುದು.

"ವಿಷ ಹಾಕಿದ್ದಾರೆ ಅಂತ ಹೇಳುವ ಮನುಷ್ಯನಿಗೆ ನೀವೇ ವಿಷ ಕೊಡ್ತೀರಾ?" ಎಂದು ಹಿಂದಿಯಲ್ಲಿ ಕೇಳಿದರು. ತಮಾಷೆಗೆ ಹೇಳಿದ್ದಾಗಿರಲಿಲ್ಲ.

ಕೋಣೆಗೆ ಹಿಂದಿರುಗಿ ಕೂತೆ. ಪಿತ್ತಕೋಶದ ಆಪರೇಷನ್ ಆಗಲಿ, ನೋವು ಹೋಗದಿದ್ದರೆ ಆಮೇಲೆ ನೋಡೋಣ ಎಂದು ಬಿಟ್ಟುಬಿಡಬಹುದಿತ್ತು. ಅದು ಸುಲಭದ ದಾರಿ, ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಆದರೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಇಳಿಯುತ್ತದೆ. ನಾಳದ ಬಾಯಿ ಎಳೆಯಷ್ಟೇ ತೆರೆದಿದ್ದರೆ ಆ ಇಳಿತದಲ್ಲಿ ಕರುಳಿಗೆ ಹೋಗುವ ರಕ್ತ ಪೂರ್ತಿ ನಿಂತು, ಕರುಳೇ ಸಾಯಬಹುದು. ಆಪರೇಷನ್ ಚೆನ್ನಾಗಿ ಆಯಿತು, ರೋಗಿ ಉಳಿಯಲಿಲ್ಲ ಎಂದಾಗುತ್ತಿತ್ತು. ಆಗ ನಮ್ಮನ್ನು ಯಾರೂ ಅನುಮಾನಿಸುವುದಿಲ್ಲ. ಅನುಮಾನ ಹೊರಲು ಮನೆಯಲ್ಲಿ ಒಬ್ಬಳು ಆಗಲೇ ಇದ್ದಳು.

ಮತ್ತೆ ಸರ್ಜನ್ನರ ಬಾಗಿಲು ತಟ್ಟಿದೆ. ಆಪರೇಷನ್ ಮುಂದಕ್ಕೆ ಹಾಕಿ, ಸಲೈನ್ ಕೊಟ್ಟು ಮೈಯ ನೀರಿನಂಶ ತುಂಬಿಸೋಣ, ಉಣ್ಣದೆ ಕುಡಿಯದೆ ಒಣಗಿರುವುದರಿಂದಲೇ ಕ್ರಿಯಾಟಿನಿನ್ ಏರಿರಬಹುದು, ಇಳಿದರೆ ಮಾತ್ರ ಸಿ.ಟಿ. ಮಾಡುತ್ತೇನೆ, ಜವಾಬ್ದಾರಿ ನನ್ನದೆಂದು ಕೇಸ್ ಪೇಪರಿನಲ್ಲಿ ಬರೆದು ಸಹಿ ಹಾಕುತ್ತೇನೆ ಎಂದೆ. ಅವರು ಬಹಳ ಹೊತ್ತು ಪೆನ್ನಿನ ಕ್ಯಾಪನ್ನು ತೆಗೆದು ಹಾಕುತ್ತಾ ಕೂತರು. "ಬರೀರಿ," ಎಂದರು.

ಸಲೈನ್ ಏರಿಸಿದ ಮೇಲೆ ಕ್ರಿಯಾಟಿನಿನ್ ಇಳಿಯಿತು. ಪೂರ್ತಿ ಅಲ್ಲ, ಧೈರ್ಯ ಮಾಡುವಷ್ಟು.

ಇನ್ನು ರೋಗಿ ಒಪ್ಪಬೇಕಿತ್ತು. ಟ್ರಕ್ಕಿನಿಂದ ನೇರವಾಗಿ ಬಂದಿದ್ದ ಮಗನ ರೆಪ್ಪೆಗಳ ಮೇಲೂ ಅದಿರಿನ ಕೆಂಪು ಧೂಳಿತ್ತು. ಅವನಿಗೆ ಅಪ್ಪನ ಮಾತು ನಂಬಬೇಕೋ ಹೆಂಡತಿಯನ್ನು ನಂಬಬೇಕೋ ತಿಳಿಯದೆ ಮುಖ ಬಿಗಿದುಕೊಂಡಿತ್ತು. ಔಷಧ ಹೋಗುವಾಗ ಮೈಯೆಲ್ಲ ಬಿಸಿಯಾದಂತೆ ಅನಿಸುತ್ತದೆ, ಹೆದರಬೇಡಿ ಎಂದು ನಾನು ಮೊದಲೇ ಹೇಳಿದ್ದೇ ತಪ್ಪಾಯಿತು.

"ಬಿಸಿ ಯಾಕಾಕ್ಕೈತ್ರಿ? ಏನೈತಿ ಅದರಾಗ?" ಎಂದು ಮಾವ ಎದ್ದು ಕೂತರು.

ಸೀಸೆಯನ್ನು ಅವರ ಕೈಗೇ ಕೊಟ್ಟೆ. ಸೀಲು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಒಂದು ಷರತ್ತು ಹಾಕಿದರು. "ಆಕಿ ಈ ದವಾಖಾನಿ ಒಳಗ ಇರಬಾರ್ದು. ಗೇಟಿನ ಹೊರಗ ಹೋಗ್ಲಿ."

ಮಗ ಹೆಂಡತಿಯ ಕಡೆ ನೋಡಿದ. ಆಕೆ ಅವನು ಬಾಯಿ ತೆರೆಯಬಹುದೆಂದು ಒಂದು ಗಳಿಗೆ ಕಾದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಬಸ್ ನಿಲ್ಲುವ ಜಾಗದಲ್ಲಿ, ಬಿಸಿಲಿನಲ್ಲಿ ಕೂತಿದ್ದಳು.

ಸಿ.ಟಿ. ಕೋಣೆಯಲ್ಲಿ ನಮ್ಮ ಟೆಕ್ನಿಷಿಯನ್ ರೂಢಿಯಂತೆ ಹೊಟ್ಟೆಯ ಸ್ಕ್ಯಾನಿಗೆ ಕುಡಿಸುವ ಬಿಳಿ ದ್ರವವನ್ನು ಕಲಸಿಟ್ಟುಬಿಟ್ಟಿದ್ದ. ಆ ದ್ರವ ಕರುಳನ್ನು ಬೆಳ್ಳಗೆ ತುಂಬಿಬಿಟ್ಟರೆ ರಕ್ತನಾಳದ ಬಿಳುಪು ಅದರಲ್ಲಿ ಕರಗಿಹೋಗುತ್ತದೆ, ಕರುಳಿನ ಗೋಡೆಗೆ ರಕ್ತ ಬರುತ್ತಿದೆಯೇ ಎಂಬುದೂ ಕಾಣುವುದಿಲ್ಲ. ನಾನು ಬೇಡವೆನ್ನುವ ಮೊದಲೇ ಮಾವ ಲೋಟವನ್ನು ಮೂಸಿ ಸಿಂಕಿಗೆ ಸುರಿದಿದ್ದರು. ಆ ಒಂದು ಸಲ ಅವರ ಸಂಶಯದಿಂದ ನಮಗೆ ಉಪಕಾರವೇ ಆಯಿತು. ಬರೀ ನೀರು ಕುಡಿಯಿರಿ ಎಂದೆ. ಮಗ ಹೊರಗಿನ ಅಂಗಡಿಯಿಂದ ಸೀಲಿದ್ದ ಬಾಟಲಿ ತಂದ ಮೇಲೆ ಕುಡಿದರು.

ಇದ್ದದ್ದು ಒಂದೇ ಅವಕಾಶ. ಕೆಟ್ಟರೆ ಮತ್ತೊಂದು ಸಲ ಅಷ್ಟೇ ಔಷಧ ಕೊಡಲು ಆ ಮೂತ್ರಪಿಂಡಗಳ ಮೇಲೆ ನನಗೆ ಭರವಸೆ ಇರಲಿಲ್ಲ. ಔಷಧ ಮಹಾಪಧಮನಿಗೆ ತಲುಪಿದ ಕ್ಷಣ ಯಂತ್ರ ಓಡಬೇಕು. ಮುಂಚೆ ಓಡಿದರೆ ನಾಳ ತುಂಬಿರುವುದಿಲ್ಲ, ತಡವಾದರೆ ಸಿರೆಗಳೂ ತುಂಬಿ ಕಲಸುಮೇಲೋಗರವಾಗುತ್ತದೆ. ಆ ಹೊತ್ತಿಗೆ ರೋಗಿ ಉಸಿರು ಹಿಡಿದು ಅಲುಗದೆ ಇರಬೇಕು. ಉಸಿರು ಹಿಡಿಯಿರಿ ಎಂದು ಯಂತ್ರ ತಾನಾಗಿಯೇ ಹೇಳುತ್ತದೆ, ಇಂಗ್ಲಿಷಿನಲ್ಲಿ. ಅದನ್ನು ಬಂದ್ ಮಾಡಿಸಿ ಮೈಕ್ ನನ್ನ ಕೈಗೆ ತೆಗೆದುಕೊಂಡೆ.

"ಕಾಕಾ, ಉಸಿರು ಒಳಗ ತಗೋರಿ. ಹಂಗ ಹಿಡೀರಿ. ಬಿಡಬ್ಯಾಡ್ರಿ, ಬಿಡಬ್ಯಾಡ್ರಿ."

ಗಾಜಿನಾಚೆ ಅವರ ಕೈಬೆರಳುಗಳು ಹಾಸಿಗೆಯ ಅಂಚನ್ನು ಹಿಡಿದಿದ್ದವು. ಮೈ ಬಿಸಿಯಾದದ್ದು ಅವರ ಕಣ್ಣು ಅಗಲವಾದದ್ದರಿಂದಲೇ ತಿಳಿಯಿತು. ಎದ್ದುಬಿಡುತ್ತಾರೆ ಎಂದುಕೊಂಡೆ. ಏಳಲಿಲ್ಲ. ಉಸಿರು ಬಿಡಿ ಎಂದೆ. ಬಿಟ್ಟರು. ಸ್ವಲ್ಪ ತಡೆದು ಸಿರೆಗಳಿಗಾಗಿ ಇನ್ನೊಂದು ಸುತ್ತು ತೆಗೆದೆವು.

ಚಿತ್ರಗಳು ಬಂದವು. ಅಡ್ಡ ಸೀಳುಗಳನ್ನು ಒಂದೊಂದಾಗಿ ಸರಿಸಿದೆ. ಆಮೇಲೆ ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಮನುಷ್ಯ ಪಕ್ಕಕ್ಕೆ ತಿರುಗಿ ನಿಂತಾಗ ಕಾಣುವಂತೆ ನಿಲ್ಲಿಸಿದೆ. ಮಹಾಪಧಮನಿ ದಪ್ಪ ಕಾಂಡದ ಹಾಗೆ ಬೆಳ್ಳಗೆ ಇಳಿದಿತ್ತು. ಅದರ ಮುಂದೆ ಹೊಟ್ಟೆಗೂ ಕರುಳಿಗೂ ಹೋಗುವ ಎರಡು ಕೊಂಬೆಗಳಿರಬೇಕು. ಮೇಲಿನ ಕೊಂಬೆಯ ಬುಡ ಹಿಸುಕಿದಂತಿತ್ತು. ಕೆಳಗಿನದು, ಸಣ್ಣ ಕರುಳಿಗೆಲ್ಲ ರಕ್ತ ಒಯ್ಯುವ ಮುಖ್ಯ ನಾಳ, ಬುಡದಲ್ಲಿ ಕೂದಲೆಳೆಯಷ್ಟು ಉಳಿದಿತ್ತು. ಅದರ ಸುತ್ತ ಸುಣ್ಣ, ಕೊಬ್ಬು.

ಅದನ್ನೂ ನಾನು ಒಂದೇ ಸಲಕ್ಕೆ ನಂಬಲಿಲ್ಲ. ಸುಣ್ಣದ ಹೊಳಪು ಪಕ್ಕಕ್ಕೂ ಹರಡಿ, ನಾಳ ಇದ್ದದ್ದಕ್ಕಿಂತ ಕಿರಿದಾಗಿ ಕಾಣಿಸುವುದುಂಟು. ಹೊಳಪು ತಗ್ಗಿಸಿದೆ, ತೆಳುವಾದ ಸೀಳುಗಳಿಗೆ ಹಿಂದಿರುಗಿದೆ, ಅಡ್ಡ ನೋಡಿದೆ, ಓರೆ ನೋಡಿದೆ. ಎಲ್ಲಿಂದ ನೋಡಿದರೂ ಆ ಎಳೆ ಎಳೆಯಾಗಿಯೇ ಇತ್ತು. ಆಮೇಲೆ ಹೊಟ್ಟೆಯ ಕೆಳಭಾಗದಿಂದ ಹಾವಿನ ಹಾಗೆ ಸುತ್ತಿಕೊಂಡು ಮೇಲಕ್ಕೆ ಬಂದಿದ್ದ ಒಂದು ದಪ್ಪ ನಾಳ ಕಣ್ಣಿಗೆ ಬಿತ್ತು. ಸರಿಯಿದ್ದವರಲ್ಲಿ ಅದು ಹೀಗೆ ಉಬ್ಬಿರುವುದಿಲ್ಲ. ಮುಖ್ಯ ದಾರಿ ಮುಚ್ಚುತ್ತಾ ಬಂದಾಗ ದೇಹ ತಾನೇ ಹುಡುಕಿಕೊಂಡ ಸುತ್ತುದಾರಿ. ಇಂಥ ದಾರಿ ಮೂಡಲು ಬಹಳ ಕಾಲ ಬೇಕು. ಎಂದರೆ ರೋಗ ಮಗನ ಮದುವೆಗಿಂತ ಎಷ್ಟೋ ಮುಂಚೆಯೇ ಶುರುವಾಗಿತ್ತು. ಆ ಹುಡುಗಿ ಈ ಮನೆಗೆ ಬಂದ ಹೊತ್ತಿಗೆ ಸುತ್ತುದಾರಿಯೂ ಸಾಲದಾಗಿತ್ತು, ಅಷ್ಟೇ.

ಕರುಳಿನ ಗೋಡೆ ಇನ್ನೂ ಜೀವಂತವಾಗಿತ್ತು. ನಾನು ಕುರ್ಚಿಗೆ ಒರಗಿದೆ.

ಸರ್ಜನ್ ಬಂದು ನಿಂತುಕೊಂಡೇ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು, ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಚಿತ್ರವನ್ನು ತಾವೇ ತಿರುಗಿಸಿ ತಿರುಗಿಸಿ ನೋಡಿದರು. ನಾನು ಪಟ್ಟ ಸಂಶಯವೆಲ್ಲ ಅವರೂ ಪಟ್ಟರು. ಕೊನೆಗೆ ಫೋನೆತ್ತಿ ಪಿತ್ತಕೋಶದ ಆಪರೇಷನ್ ರದ್ದು ಮಾಡಿಸಿದರು. ಹೋಗುವಾಗ ಬಾಗಿಲಲ್ಲಿ ತಿರುಗಿ "ದೇವ್ ಬರೆಂ ಕರುಂ" ಎಂದರು. ಗೋವಾದ ಜನ ಉಪಕಾರ ನೆನೆಯುವಾಗ ಹೇಳುವ ಮಾತು ಅದು. ಅವರ ಬಾಯಿಂದ ನಾನು ಕೇಳಿದ್ದು ಆಗಲೇ ಮೊದಲು.

ಮಾವ, ಮಗ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿದೆ. ಬೆರಳಿಟ್ಟು ತೋರಿಸಿದೆ, ಇಲ್ಲಿಂದ ರಕ್ತ ಬರಬೇಕು, ಇಲ್ಲಿ ಸಿಕ್ಕಿಕೊಂಡಿದೆ ಎಂದು. ಮಾವ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಇದು ಯಾತರಿಂದ ಆಗೈತ್ರಿ?"

"ವಯಸ್ಸು. ಅದಕ್ಕಿಂತ ಜಾಸ್ತಿ ಬೀಡಿ."

"ಉಂಡದ್ದರಿಂದ ಅಲ್ಲ?"

"ಅಲ್ರಿ. ಯಾರ ಅಡಿಗಿ ಉಂಡಿದ್ರೂ ಹಿಂಗ ಆಕ್ಕಿತ್ತು."

ಅವರು ಪರದೆಯ ಮೇಲಿನ ಆ ಎಳೆಯ ಮೇಲೆ ತಾವೂ ಬೆರಳಿಟ್ಟರು. "ಮಷೀನು ಸುಳ್ಳು ಹೇಳಂಗಿಲ್ಲಲ್ರಿ?" ಎಂದರು.

ಯಂತ್ರ ಹೇಗೆಲ್ಲ ಸುಳ್ಳು ಹೇಳುತ್ತದೆಂದು ನನಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಹೇಳಂಗಿಲ್ರಿ," ಎಂದೆ.

ಮಗ ಥಟ್ಟನೆ ಎದ್ದು ಹೊರಗೆ ಓಡಿದ. ಕಿಟಕಿಯಿಂದ ನಾನೂ ನೋಡಿದೆ. ಬಸ್ ನಿಲ್ಲುವ ಜಾಗ ಖಾಲಿಯಿತ್ತು.

ಆಕೆ ತವರಿಗೆ ಹೋಗಿರಲಿಲ್ಲ, ಮನೆಗೆ ಹೋಗಿದ್ದಳಷ್ಟೇ. ನಮ್ಮಲ್ಲಿ ಹೃದಯದ ನಾಳಗಳಿಗೆ ಸ್ಟೆಂಟ್, ಅಂದರೆ ಬಾಯಿ ಮುಚ್ಚದಂತೆ ತಡೆಯುವ ಜಾಲರಿ ಕೊಳವೆ, ಹಾಕುತ್ತಿದ್ದ ಡಾಕ್ಟರು ಈ ನಾಳಕ್ಕೂ ಹಾಕಲು ಒಪ್ಪಿದರು. ಮೂತ್ರಪಿಂಡಗಳಿಗೆ ಸುಧಾರಿಸಿಕೊಳ್ಳಲು ಸಮಯ ಕೊಟ್ಟು, ಕೈಯ ನಾಳದಿಂದ ತಂತಿ ಇಳಿಸಿ, ಆ ಎಳೆಯೊಳಗೆ ತೂರಿಸಿ, ಬಲೂನು ಉಬ್ಬಿಸಿ ಬಾಯಿ ಅಗಲಿಸಿದರು. ತಂತಿ ಮೊದಲೆರಡು ಸಲ ಜಾರಿತು. ಮೂರನೆಯ ಸಲ ದಾಟಿತು. ಸ್ಟೆಂಟ್ ಕೂತ ಮೇಲೆ ಔಷಧ ಬಿಟ್ಟಾಗ ಕರುಳಿನ ಕೊಂಬೆಗಳೆಲ್ಲ ಒಮ್ಮೆಲೇ ಬೆಳ್ಳಗೆ ತುಂಬಿಕೊಂಡವು. ಮರುದಿನ ಮಾವ ಗಂಜಿ ಕುಡಿದು, ನೋವಿಗಾಗಿ ಹೊಟ್ಟೆ ಹಿಡಿದು ಕಾದು ಕೂತರಂತೆ. ಬರಲಿಲ್ಲ. ಪಿತ್ತಕೋಶದ ಕಲ್ಲುಗಳು ಇದ್ದಲ್ಲೇ ಉಳಿದವು.

ಮಳೆಗಾಲ ಕಳೆದ ಮೇಲೆ ಅವರು ಡಾಪ್ಲರ್ ಮಾಡಿಸಲು ಬಂದಾಗ ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿತ್ತು. ಬೀಡಿ ಬಿಟ್ಟಿದ್ದೇನೆಂದು ಆಣೆ ಮಾಡಿದರು, ಬೆರಳ ಸಂದಿಯ ಹಳದಿ ನೋಡಿ ನಾನು ಅರ್ಧ ನಂಬಿದೆ. ಸ್ಟೆಂಟ್ ತೆರೆದೇ ಇತ್ತು. ಅಂಗಿ ಹಾಕಿಕೊಳ್ಳುತ್ತಾ, ಈ ಸಲವೂ ದನಿ ಇಳಿಸಿದರು.

"ಬಾಯಾರ, ಆಕಿಗೆ ನೀವು ಒಂದು ಮಾತು ಹೇಳ್ಬೇಕ್ರಿ. ಬ್ಯಾರೆ ಒಲಿ ಹೂಡ್ಯಾಳ. ಗಂಡಗ ಮಾಡಿ ಹಾಕ್ತಾಳ, ತಾ ಉಣ್ತಾಳ. ನಂದು ನಾ ಬೇಯ್ಸ್ಕೋಬೇಕು. ತಪ್ಪಾತವ್ವಾ ಅಂದೆ, ಹೂಂ ಅಂದ್ಲು. ಅಷ್ಟ."

ಹೇಳುವ ಅವಕಾಶ ಬಂದದ್ದು ಇನ್ನಷ್ಟು ದಿನ ಕಳೆದು, ಆಕೆ ಬಸುರಿಯಾಗಿ ಸ್ಕ್ಯಾನಿಗೆ ಬಂದಾಗ. ಒಬ್ಬಳೇ ಬಂದಿದ್ದಳು. ಜೆಲ್ ಹಚ್ಚುತ್ತಾ, ಮಾವ ಹೇಳಿದ್ದನ್ನು ಹೇಳಿದೆ. ವಯಸ್ಸಾದವರು, ನೋವಿನಲ್ಲಿ ಏನೋ ಅಂದಿದ್ದಾರೆ, ಈಗ ಗೊತ್ತಾಗಿದೆಯಲ್ಲ ಎಂದೆ.

ಆಕೆ ಛಾವಣಿ ನೋಡುತ್ತಾ ಮಲಗಿದ್ದಳು. "ನಾ ಸಿಟ್ಟಿಲ್ರಿ ಅಕ್ಕಾರ. ಅವರಿಗೆ ಬಿಸಿನೀರು ಕಾಸಿ ಕೊಡ್ತೀನಿ, ಅರಿವಿ ಒಗೀತೀನಿ. ಅಡಿಗಿ ಅಷ್ಟ ಮಾಡಂಗಿಲ್ಲ." ಸೀರೆಯ ಅಂಚನ್ನು ಜೆಲ್ ತಾಗದಂತೆ ಸರಿಸಿಕೊಂಡಳು. "ಮಾವಾರು, ಇವರು ಇಬ್ರೂ ಚಿತ್ರಾ ನೋಡಿ ನಂಬಿದ್ರು. ಅದಕ್ಕೂ ಮೊದಲ ಅಷ್ಟ್ ದಿನಾ ನನ್ನ ಮಾರಿ ನೋಡಿದ್ರಲ್ರಿ, ಅವಾಗ ನಂಬಲಿಲ್ಲ."

ಕಸದ ಡ್ರಮ್ಮಿನ ಬಳಿ ನಾನೂ ಆಕೆಯ ಮುಖವನ್ನು ನೋಡಿದ್ದೆನಲ್ಲ.

ಪ್ರೋಬ್ ಇಟ್ಟೆ. ಕೂಸು ಬೆನ್ನು ಮಾಡಿ ಮಲಗಿತ್ತು. ಗುಂಡಿಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಬೆನ್ನೆಲುಬು ಮುತ್ತು ಪೋಣಿಸಿದಂತೆ ಸರಿಯಾಗಿತ್ತು. ತಾಯಂದಿರೆಲ್ಲ ನೋಡಲು ಹಂಬಲಿಸುತ್ತಾರೆಂದು ಪರದೆಯನ್ನು ಆಕೆಯ ಕಡೆ ತಿರುಗಿಸಿದೆ.

ಆಕೆ ಅತ್ತ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀವ ಹೇಳ್ರಿ ಅಕ್ಕಾರ," ಎಂದಳು. "ಚಲೋ ಐತ್ರಿ ಕೂಸು?"

"ಚಲೋ ಐತವ್ವಾ," ಎಂದೆ.

"ಸಾಕ್ರಿ," ಎಂದು ಕಣ್ಣು ಮುಚ್ಚಿಕೊಂಡಳು.